ಬಾವಿಯ ಮೇಲೆ ಕಟ್ಟಿದ ನಕ್ಷತ್ರ

ಯುದ್ಧದ ಕಾಲದ ಆ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಯಾರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅಪ್ಪ ಜಗಲಿಗೂ ಹಿತ್ತಿಲಿಗೂ ತಿರುಗುತ್ತಿದ್ದ. ಅಮ್ಮ ಒಲೆ ಮುಂದೆ ಕೂತವಳು ಸುಮ್ಮಸುಮ್ಮನೆ ಎದ್ದು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡಿ ಬರುತ್ತಿದ್ದಳು. ಇವರಿಬ್ಬರ ಮಧ್ಯೆ ನಾನು, ಬಾಲ ಸುಟ್ಟ ಬೆಕ್ಕಿನ ಹಾಗೆ. ನನಗೆ ಆಗ ಹತ್ತೋ ಹನ್ನೊಂದೋ ವಯಸ್ಸು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಪಕ್ಕದ ಹಳ್ಳಿ. ಅಪ್ಪ ಅಲ್ಲಿ ಸ್ಕೂಲ್ ಮೇಷ್ಟ್ರು. ಊರಲ್ಲಿ ಕ್ರೈಸ್ತರದ್ದು ಅಂತ ಇದ್ದದ್ದು ನಮ್ಮದೊಂದೇ ಮನೆ. ಪ್ರತಿ ಕ್ರಿಸ್‌ಮಸ್ಸಿಗೂ ನನ್ನ ತಾತ, ಅಪ್ಪನ ಅಪ್ಪ, ಬಿದಿರು ಸೀಳಿ, ಗಾಳಿಪಟದ ಕಾಗದ ಅಂಟಿಸಿ, ಒಳಗೆ ಬುಡ್ಡಿ ಇಟ್ಟು, ಮನೆ ಮುಂದಿನ ಗಳಕ್ಕೆ ನಕ್ಷತ್ರ ಕಟ್ಟುತ್ತಿದ್ದ. ಇಡೀ ಬೀದಿ ಬಂದು ನೋಡುತ್ತಿತ್ತು. ಆ ವರ್ಷ ಅವನ ಕಣ್ಣು ಹೋಗುತ್ತಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ನೋಡಿ, ಇದು ಆಪರೇಷನ್ನಿಗೆ ಬಗ್ಗೋ ಕಣ್ಣಲ್ಲ, ಇರೋಷ್ಟು ದಿನ ನೋಡಿಕೊಳ್ಳಲಿ ಅಂದು ಕಳಿಸಿಬಿಟ್ಟಿದ್ದರು. ಬೆಳಕು ಇದ್ದರೆ ಮಾತ್ರ ಏನೋ ಒಂದಿಷ್ಟು ಕಾಣುತ್ತಿತ್ತಂತೆ.

‘ಈ ಸಲ ಒಂದು ನೋಡ್ಬುಡ್ತೀನಿ ಕಣವ್ವ, ಸಾಕು’ ಅಂತ ಅಮ್ಮನಿಗೆ ಹೇಳಿ, ಬೆರಳಲ್ಲೇ ತಡಕಾಡಿ ನಕ್ಷತ್ರ ಕಟ್ಟಿದ. ಒಂದು ಮೂಲೆ ಸೊಟ್ಟಗಾಗಿತ್ತು. ಯಾರೂ ಹೇಳಲಿಲ್ಲ.

ಅಮ್ಮನ ಲೆಕ್ಕಾಚಾರದ ಹಬ್ಬ ನನಗಂತೂ ಸಿಟ್ಟು ತರಿಸುತ್ತಿತ್ತು. ಅತ್ತ ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ ಹೊಗೆ ಬಿಡುತ್ತಿದೆ, ಇತ್ತ ನಮ್ಮ ಡಬ್ಬಿಯಲ್ಲಿ ಸಕ್ಕರೆ ಇಲ್ಲ. ಅಕ್ಕಿಯೂ ರೇಷನ್ನು. ಕಜ್ಜಾಯಕ್ಕೆ ಅರ್ಧ ರಾಗಿಹಿಟ್ಟು ಬೆರೆಸಿದಳು, ಅವು ಎಣ್ಣೆಯಲ್ಲಿ ಸೀಳಿಕೊಂಡವು. ನನ್ನ ಹೊಸ ಲಂಗ ಅಂದರೆ ಅವಳ ಹಳೇ ಸೀರೆಯ ಗಟ್ಟಿ ಉಳಿದ ಭಾಗ. ಮುಖ ಊದಿಸಿಕೊಂಡರೆ, ‘ಯೇಸಪ್ಪ ಹುಟ್ಟಿದ್ದು ಕೊಟ್ಟಿಗೆಯಲ್ಲಿ ಕಣೇ, ಅರಮನೆಯಲ್ಲಲ್ಲ’ ಅಂದು ಬಾಯಿ ಮುಚ್ಚಿಸುತ್ತಿದ್ದಳು.

ಅದೆಲ್ಲ ಹೇಗೋ ಆಗುತ್ತಿತ್ತು. ಕುತ್ತಿಗೆಗೆ ಬಂದದ್ದು ದೀಪ. ಪಕ್ಕದ ಮನೆ ಗೌಡತಮ್ಮ, ಹೊಲ ಗದ್ದೆ ಇದ್ದ ವಿಧವೆ, ಆ ವರ್ಷ ಕಣದಲ್ಲಿ ಜಾಗ ಸಾಲದೆ ಹುಲ್ಲಿನ ಮೆದೆಯನ್ನು ನಮ್ಮ ಗೋಡೆಗೆ ಆನಿಸಿಯೇ ಒಟ್ಟಿಸಿದ್ದಳು. ಗಳ ನೆಟ್ಟದ್ದು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

‘ಮೇಷ್ಟ್ರೇ, ನಿಮ್ ದೇವ್ರು ದೊಡ್ಡೋನೇ ಇರ್ಬೌದು. ಒಂದ್ ಕಿಡಿ ಬಿದ್ರೆ ನನ್ನೆತ್ತು ವರ್ಸೆಲ್ಲ ಏನ್ ತಿಂದಾವು?’

ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ‘ಇಷ್ಟು ವರ್ಷ ಇಲ್ಲದ್ದು ಈಗೇನು?’ ಅಂದ.

‘ಇಷ್ಟ್ ವರ್ಸ ಮೆದೆ ಇಲ್ಲಿತ್ತಾ?’ ಅಂದಳು ಅವಳು.

ಅಮ್ಮ ಅಪ್ಪನ ತೋಳು ಹಿಡಿದು ಒಳಗೆ ಎಳೆದಳು. ಅವಳು ಹೇಳೋದರಲ್ಲಿ ಏನು ತಪ್ಪು ಅಂದಳು. ಮನೆಯೊಳಗೆ ಕಟ್ಟೋಣ ಅಂದರೆ ಕಬ್ಬಿನ ಸೋಗೆಯ ಸೂರು, ಕೈಗೆಟುಕುವ ಎತ್ತರ. ಆಚೆ ಗದ್ದೆ ಕಡೆ ಹೋಗೋಣ ಅಂದರೆ ತಾತ ಅಷ್ಟು ದೂರ ನಡೆಯಲಾರ. ತಾತ ಎಲ್ಲ ಕೇಳಿಸಿಕೊಂಡು, ಮೂಲೆಯಲ್ಲಿ ನಕ್ಷತ್ರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನಗೆ ಅವನನ್ನು ನೋಡಲಾಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಮ್ಮನೂ ನಾನೂ ನೀರಿಗೆ ಹೋದೆವು. ಬಾವಿ ಗೌಡತಮ್ಮನದು, ಅವರ ಹಿತ್ತಿಲಲ್ಲಿ, ಮೆದೆಯಿಂದ ದೂರ. ನಮ್ಮಂಥವರು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಅವಳೇ ಸೇದಿ, ಕೆಳಗಿಟ್ಟ ನಮ್ಮ ಕೊಡಕ್ಕೆ ಮೇಲಿಂದ ಹುಯ್ಯುತ್ತಿದ್ದಳು. ಆವತ್ತು ಅಮ್ಮ ರಾಟೆ ನೋಡುತ್ತಾ, ‘ನೀರಿನ ಮೇಲಾದರೆ ಬೆಂಕಿ ಬಿದ್ದರೂ ಭಯ ಇರ್ತಿರಲಿಲ್ಲ’ ಅಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಸುತ್ತ ಎಲ್ಲೂ ಬೇರೆ ಬಾವಿ ಇಲ್ಲ, ಅವಳ ಬಾವಿಯನ್ನೇ ಕೇಳಿದ ಹಾಗಾಯಿತು. ಗೌಡತಮ್ಮ ನೀರು ಹುಯ್ದು ಸರಕ್ಕನೆ ಒಳಗೆ ಹೋದಳು. ಮನೆಗೆ ಬಂದು ಹೇಳಿದರೆ, ನಾಳೆಯಿಂದ ನೀರೂ ಇಲ್ಲ ಅಂತ ಅಪ್ಪ ರೇಗಿದ.

ಹಬ್ಬದ ಹಿಂದಿನ ಸಂಜೆ ಗೌಡತಮ್ಮ ಬೇಲಿಯಾಚೆಯಿಂದ ಕೂಗಿದಳು. ‘ಮೇಷ್ಟ್ರಮ್ಮ, ರಾಟೆಯಿಂದ ನಮ್ಮಗ್ಗ ಬಿಚ್ಚಿವ್ನಿ. ನಿಮ್ಮಗ್ಗ ತಂದು ಕಟ್ಕಳಿ. ಸೀಮೆಣ್ಣೆ ಮಾತ್ರ ಬ್ಯಾಡ, ಕುಡಿಯೋ ನೀರು.’

ಅಮ್ಮ ನಕ್ಷತ್ರದೊಳಗೆ ಹರಳೆಣ್ಣೆ ಹಣತೆ ಇಟ್ಟಳು. ಅಪ್ಪ ನಕ್ಷತ್ರವನ್ನು ರಾಟೆಗೆ ಕಟ್ಟಿ, ಬಾವಿ ಬಾಯಿಯ ಮೇಲೆ ತೂಗುಬಿಟ್ಟ. ಗಾಳಿಗೆ ತಿರುಗದಿರಲಿ ಅಂತ ಗೌಡತಮ್ಮ ಬಂದು ಹಗ್ಗದ ತುದಿ ಹಿಡಿದಳು. ಅದು ನಮ್ಮ ಹಗ್ಗ ಅಂತ ಅವಳಿಗೆ ಆಗ ನೆನಪಿತ್ತೋ ಇಲ್ಲವೋ. ನಾನು ತಾತನ ಕೈ ಹಿಡಿದು ಕರೆತಂದು ಕಟ್ಟೆಯ ಹತ್ತಿರ ನಿಲ್ಲಿಸಿದೆ. ಅಮ್ಮ ಬೆಂಕಿಪೊಟ್ಟಣ ತೆಗೆದಳು.

ತಾತ ಆಗಲೇ ನಗುತ್ತಿದ್ದ. ‘ಅಬ್ಬಬ್ಬ! ಏನ್ ಬೆಳಕವ್ವ! ಚೆಂದಾಗದೆ, ಭಾರೀ ಚೆಂದಾಗದೆ!’

ಅವನ ಮುಖ ಎತ್ತಿನ ಕೊಟ್ಟಿಗೆಯ ಕಡೆಗಿತ್ತು. ದೀಪ ಇನ್ನೂ ಹಚ್ಚಿರಲಿಲ್ಲ.

ಅಪ್ಪ ಆ ಕಡೆ ತಿರುಗಿಕೊಂಡ. ಅಮ್ಮನ ಕೈಯಲ್ಲಿ ಕಡ್ಡಿ ಹಾಗೇ ನಿಂತಿತು. ಇನ್ನು ಹಚ್ಚಿ ಏನು, ಬಿಟ್ಟು ಏನು? ಎಣ್ಣೆಯಾದರೂ ಉಳಿಯುತ್ತಿತ್ತು, ಹುಲ್ಲಿಗೂ ಕ್ಷೇಮ. ಅಮ್ಮ ಗೌಡತಮ್ಮನ ಮುಖ ನೋಡಿದಳು.

‘ಅಚ್ಚು ಕಣಮ್ಮ’ ಅಂದಳು ಗೌಡತಮ್ಮ, ಮೆತ್ತಗೆ.

ಅಮ್ಮ ಹಚ್ಚಿದಳು. ಕೆಂಪು ಹಳದಿ ಬೆಳಕು ತಾತನ ಕೆನ್ನೆಯ ಮೇಲೆ ಬಿತ್ತು. ಅವನಿಗೆ ಗೊತ್ತಾಗಲಿಲ್ಲ, ಕೊಟ್ಟಿಗೆ ನೋಡುತ್ತಾ ನಗುತ್ತಲೇ ಇದ್ದ. ನನಗೆ ಅಳು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟೂ ಬಂತು. ಅಮ್ಮ ನಕ್ಷತ್ರವನ್ನು ಕಟ್ಟೆಯ ಹತ್ತಿರಕ್ಕೆ ಎಳೆದು, ತಾತನ ಅಂಗೈ ಹಿಡಿದು ಕಾಗದದ ಪಕ್ಕ, ಶಾಖ ತಾಗುವಷ್ಟು ಹತ್ತಿರ ಇಟ್ಟಳು.

ತಾತನ ನಗು ನಿಂತಿತು.

‘ಈಗ ಅಚ್ಚಿದ್ರಾ?’ ಅಂದ.

‘ಹೂಂ ಮಾವ, ಈಗ.’

ಅವನು ಇನ್ನೊಂದು ಕೈಯನ್ನೂ ಚಾಚಿದ. ಒಳಗೆ ಬಾ ತಾತ, ಚಳಿ ಅಂತ ನಾನು ಎಷ್ಟು ಕರೆದರೂ ಬರಲಿಲ್ಲ. ಎಣ್ಣೆ ಮುಗಿದು ಕಾಗದ ತಣ್ಣಗಾಗುವವರೆಗೆ ಎರಡೂ ಅಂಗೈ ಹಿಡಿದುಕೊಂಡು ನಿಂತೇ ಇದ್ದ.