ಸಾದಿಕನ ಕಿವಿಗೆ ಬೂಚು

ಬಬಲೇಶ್ವರದ ಸಾದಿಕನ ಮನೆಯಲ್ಲಿ ಮೂರು ಕೋಣೆ, ಒಂಬತ್ತು ಜನ. ತಾಯಿ ಚಾಂದಬಿ, ತಮ್ಮನ ಸಂಸಾರ, ತನ್ನ ಹೆಂಡತಿ ಮಕ್ಕಳು. ಅಡುಗೆಮನೆಯಲ್ಲಿ ಪಿಸುಗುಟ್ಟಿದ ಮಾತು ಚಹಾ ಕುದಿಯುವುದರೊಳಗೆ ಅಂಗಳ ಮುಟ್ಟಿರುತ್ತದೆ. ಅದಕ್ಕೇ ಸಾದಿಕ ಮತ್ತು ಸುರೈಯಾ ಗಂಡ ಹೆಂಡಿರಾಗಿ ಏನು ಮಾತಾಡಿದ್ದರೂ ಅದೆಲ್ಲ ಹನ್ನೊಂದು ವರ್ಷಗಳಿಂದ ಮೋಟಾರ್‌ಸೈಕಲ್ಲಿನ ಮೇಲೆಯೇ ಆಗಿದೆ.

ಅವನು ಕರೆಂಟಿನ ಮೀಟರು ಓದಿ ಬಿಲ್ಲು ಕೊಡುವವನು. ತಿಕೋಟಾ, ಘೋಣಸಗಿ, ಕಳ್ಳಕವಟಗಿ ಅವನ ಪಾಲಿನ ಊರುಗಳು. ಅವಳು ತಿಕೋಟಾದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ಬೆಳಿಗ್ಗೆ ಊರು ದಾಟಿದರೆ ಅರ್ಧ ತಾಸು ಅವರದೇ. ಮಗಳ ಶಾಲೆ, ನೆಗೆಣ್ಣಿಯ ಮುನಿಸು, ಬರುವ ಹಬ್ಬಕ್ಕೆ ಯಾರಿಗೆ ಯಾವ ಬಟ್ಟೆ, ಎಲ್ಲ ಆ ದಾರಿಯಲ್ಲೇ ತೀರ್ಮಾನವಾಗಬೇಕು. ಗಾಳಿಯಲ್ಲಿ ಅವಳು ಕೂಗಬೇಕು, ಅವನೂ ಕೂಗಬೇಕು. ದಾರಿ ಬದಿಯ ಹೊಲದವರಿಗೆ ಇವರ ಮನೆಯ ಅರ್ಧ ಗುಟ್ಟು ಗೊತ್ತಿರಲೇಬೇಕು, ಪಾಪ, ಅವರು ಕೇಳಬೇಕೆಂದು ಕೇಳಿದ್ದಲ್ಲ.

ಹೀಗಿರುವಾಗ ಸಾದಿಕನ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಹಗಲು ಹೇಗೋ ನಡೆಯುತ್ತಿತ್ತು, ರಾತ್ರಿ ಮಲಗಿದಾಗ ಮಾತ್ರ ತಲೆಯೊಳಗೆ ಯಾರೋ ಹೊಲಿಗೆ ಯಂತ್ರ ತುಳಿದ ಹಾಗೆ. ಹೆದರಿಕೆಯಾಗಿ ವಿಜಯಪುರಕ್ಕೆ ಹೋಗಿ ಕಿವಿ ಡಾಕ್ಟರು ವೇದವ್ಯಾಸರಿಗೆ ತೋರಿಸಿದ.

"ದಿನಾ ಎಷ್ಟು ದೂರ ಗಾಡಿ ಹೊಡೀತೀರಿ?" ಡಾಕ್ಟರು ಕೇಳಿದರು.

"ಎಂಬತ್ತು ಕಿಲೋಮೀಟರ್ ಆಗ್ತೈತ್ರಿ. ಆದ್ರ ಹೆಲ್ಮೆಟ್ ತಪ್ಪಸೂದಿಲ್ರಿ."

"ಹೆಲ್ಮೆಟ್ ತಲಿ ಕಾಯ್ತೈತಿ, ಕಿವಿ ಕಾಯೂದಿಲ್ಲ. ನಿಮ್ಮ ಕಿವಿ ತಿನ್ನಾಕತ್ತಿದ್ದು ಇಂಜಿನ್ ಅಲ್ಲ, ಗಾಳಿ. ಹೋದ ಕಿವಿ ತಿರುಗಿ ಬರೂದಿಲ್ಲ ನೋಡ್ರಿ. ಇದ್ದದ್ದನ್ನ ಕಾಯ್ಕೋರಿ."

ಹೀಗೆಂದು ಹಳದಿ ಬಣ್ಣದ ಎರಡು ಮೆತ್ತನೆಯ ಬೂಚು ಕೊಟ್ಟರು. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ ಕಿವಿಗೆ ತುರುಕಿದರೆ ಒಳಗೆ ಉಬ್ಬಿ ಕೂರುತ್ತವೆ. ಹಾರ್ನು ಕೇಳುತ್ತದೆ, ಗಾಳಿಯ ಅಬ್ಬರ ಅಡಗುತ್ತದೆ.

ಸೋಮವಾರ ಬೆಳಿಗ್ಗೆ ಸಾದಿಕ ಬೂಚು ಹಾಕಿ, ಮೇಲೆ ಹೆಲ್ಮೆಟ್ ಇಳಿಸಿ ಗಾಡಿ ಹೊರಡಿಸಿದ. ಏನು ಹೇಳಲಿ, ಸ್ವರ್ಗ! ರಸ್ತೆ ಅದೇ, ಗುಂಡಿಗಳು ಅವೇ, ಗದ್ದಲ ಮಾತ್ರ ಇಲ್ಲ. ಹಿಂದೆ ಹೆಂಡತಿಯ ಮಾತು ಪಕ್ಕದ ಮನೆಯ ರೇಡಿಯೋದಷ್ಟು ದೂರ. ಬೂಚಿನ ವಿಷಯ ಅವಳಿಗೆ ಹೇಳಬೇಕು, ಇವತ್ತೇ ಹೇಳಬೇಕು ಅಂದುಕೊಂಡ. ಆದರೆ ಅಷ್ಟು ಹಿತವಾದ ಮೌನವನ್ನು ಯಾರು ಕೈಯಾರೆ ಕೆಡಿಸಿಕೊಳ್ಳುತ್ತಾರೆ? ನಾಳೆ ಹೇಳಿದರಾಯಿತು ಎಂದು ಸುಮ್ಮನಾದ. ಅವಳು ಹೆಗಲು ತಟ್ಟಿದಾಗ ಮಾತ್ರ ರೂಢಿಯಂತೆ ಗೋಣು ಹಾಕಿದ. ಹೀಗೇ ಆರು ದಿನ ಕಳೆದವು. ಗುಂಯ್ ಸದ್ದೂ ಇಳಿಯುತ್ತ ಬಂತು.

ಭಾನುವಾರ ಚಹಾ ಕುಡಿಯುವಾಗ ಚಾಂದಬಿ ಅಂದಳು, "ಅಂತೂ ಸುರೈಯಾಗ ಸ್ಕೂಟಿ ತಗೊಳ್ಳಾಕ ಹೂಂ ಅಂದಿ ಅಂತಲ್ಲೋ."

ಸಾದಿಕ ಚಹಾದ ಲೋಟ ಕೆಳಗಿಟ್ಟ. ಈ ಸ್ಕೂಟಿಯ ವಿಷಯ ಎರಡು ವರ್ಷದಿಂದ ಇತ್ತು. ಅವಳು ಕೇಳಿದಾಗಲೆಲ್ಲ ಕಬ್ಬಿನ ಟ್ರ್ಯಾಕ್ಟರಿನ ಹೆದರಿಕೆ ಹೇಳಿ ಬೇಡ ಎನ್ನುತ್ತ ಬಂದಿದ್ದ.

"ಮೂರು ಸಲ ಕೇಳೀನಿ ಅತ್ತಿ, ಮೂರು ಸಲನೂ ಗೋಣು ಹಾಕ್ಯಾರ," ಸುರೈಯಾ ಒಳಗಿಂದಲೇ ಅಂದಳು. "ನಮ್ಮ ಹೊಲಿಗಿ ಕ್ಲಾಸಿನ ತಸ್ಲೀಮ ತನ್ನ ಹಳೇದು ಕೊಡ್ತಾಳ. ಬರೂ ವಾರ ತರೂದು."

"ಮೂರು ಸಲ ಒಪ್ಪಿದ ಮ್ಯಾಲೆ ಮುಗೀತು ಬಿಡು, ನಿಕಾ ಆದಂಗ," ಎಂದಳು ಚಾಂದಬಿ. ಮನೆಯೆಲ್ಲ ನಕ್ಕಿತು.

ಸಾದಿಕನಿಗೆ ನಗು ಬರಲಿಲ್ಲ. ಆ ರಾತ್ರಿ ಹೊರಳಾಡುತ್ತ ಯೋಚಿಸಿದಾಗ ತನ್ನ ಸುಳ್ಳು ತನಗೇ ತಿಳಿಯಿತು. ಟ್ರ್ಯಾಕ್ಟರಿನ ಹೆದರಿಕೆ ಬರೀ ನೆವ. ಅವಳ ಗಾಡಿ ಬೇರೆಯಾದರೆ ಆ ಅರ್ಧ ತಾಸು ಹೋಗುತ್ತದೆ. ಆಮೇಲೆ ಒಂಬತ್ತು ಜನರ ನಡುವೆ ಉಪ್ಪು ಕೊಡು, ಬಟ್ಟೆ ಒಣಹಾಕು ಎನ್ನುವುದೇ ಅವರ ದಾಂಪತ್ಯ. ಅವಳ ಮಾತಿಲ್ಲದೆ ತನಗೆ ಆಗುವುದಿಲ್ಲ ಎಂಬುದು, ಅದನ್ನು ಆರು ದಿನ ಕೇಳದೆ ಸುಖಪಟ್ಟ ಮೇಲೆ ಹೊಳೆಯಿತಲ್ಲ, ಗಂಡಸಿನ ಬುದ್ಧಿಗೆ ಏನೆನ್ನಬೇಕು.

ಮರುದಿನ ಅರ್ಧ ದಾರಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ. ಹೆಲ್ಮೆಟ್ ತೆಗೆದು, ಕಿವಿಯಿಂದ ಬೂಚು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದ.

"ಏನ್ರಿ ಇದು?"

"ಡಾಕ್ಟರು ಕೊಟ್ಟಾರ. ಹೋದ ಸೋಮವಾರದಿಂದ ಹಾಕ್ಕೊಂಡೀನಿ. ನೀ ಹೇಳಿದ್ದು ಒಂದೂ ಕೇಳಿಲ್ಲ ಸುರೈಯಾ."

ಅವಳು ಬೂಚು ನೋಡಿದಳು, ಗಂಡನನ್ನು ನೋಡಿದಳು. "ಅಂದ್ರ ಒಂದು ವಾರ ನಾ ಹೆಲ್ಮೆಟ್ಟಿನ ಜೋಡಿ ಸಂಸಾರ ಮಾಡೀನೇನು?"

ಆಮೇಲೆ ಬೈದಳು. ಕಿವಿಯ ಗುಂಯ್ ಸದ್ದನ್ನು ಹೇಳದಿದ್ದಕ್ಕೆ ಒಂದಿಷ್ಟು, ಕೇಳದೆ ಗೋಣು ಹಾಕಿದ್ದಕ್ಕೆ ಇನ್ನಷ್ಟು. ಬೈಯುತ್ತಿದ್ದಂತೆ ಇಬ್ಬರಿಗೂ ಒಂದು ಸಂಗತಿ ಗಮನಕ್ಕೆ ಬಂತು. ಅವಳು ಕೂಗುತ್ತಿರಲಿಲ್ಲ. ಇಂಜಿನ್ ಬಂದ್ ಆಗಿತ್ತು, ಗಾಳಿ ಇರಲಿಲ್ಲ, ಬೈಗುಳ ಕೂಡ ಮೆಲ್ಲಗೆ ಬರುತ್ತಿತ್ತು. ಗಾಡಿ ನಿಲ್ಲಿಸಿಯೂ ಮಾತಾಡಬಹುದು ಎಂದು ಹನ್ನೊಂದು ವರ್ಷದಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ. ಸುರೈಯಾಳಿಗೆ ಮೊದಲು ನಗು ಬಂತು.

"ಸ್ಕೂಟಿ ತರೂದ ಹೌದು," ಎಂದಳು ನಗು ನಿಂತ ಮೇಲೆ.

"ತಗೋ. ನಾನ ಕಲಸ್ತೇನಿ. ಆದ್ರ ದಿನಾ ಎರಡೂ ಗಾಡಿ ಇಲ್ಲಿ ನಿಂದರಬೇಕು. ನೀ ಮಾತಾಡ್ಲಿಲ್ಲ ಅಂದ್ರ ನನಗ ದಿನ ಹೋಗೂದಿಲ್ಲ."

ಇಂಥ ಮಾತು ಅವನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಮುಖ ಕೆಂಪಾಯಿತು, ಸೆರಗು ಸರಿಮಾಡಿಕೊಂಡಳು.

"ಈಗ ಸೋಮವಾರದಿಂದ ಶುರು ಮಾಡು," ಎಂದ ಸಾದಿಕ, "ಎಲ್ಲಾ ಮತ್ತೊಮ್ಮೆ ಹೇಳು."

ಅವಳು ಹೇಳಿದಳು. ಸೋಮವಾರದ್ದು ಮಗಳ ಫೀಸು, ಮಂಗಳವಾರದ್ದು ನೆಗೆಣ್ಣಿಯ ಕುಕ್ಕರಿನ ಜಗಳ. ಆಮೇಲೆ ನೇರ ಗುರುವಾರಕ್ಕೆ ಹೋದಳು.

"ಬುಧವಾರ?"

"ಅದು ಹೇಳೂದಿಲ್ರಿ. ನೀವು ಅವತ್ತು ಅಷ್ಟು ಶಾಂತ ಕೇಳಾಕತ್ತಿದ್ರಿ ಅಂತ ಬಾಯಿಗೆ ಬಂದಿತ್ತು. ಅಂಥದ್ದು ಎರಡನೇ ಸಲ ಬರೂದಿಲ್ಲ."

ಈಗ ಎರಡು ಗಾಡಿ, ಇಬ್ಬರ ಕಿವಿಗೂ ಬೂಚು. ದಾರಿಯುದ್ದ ಮೌನ, ಬೇವಿನ ಮರದ ಕೆಳಗೆ ಕಾಲು ತಾಸು ಮಾತು. ಅಲ್ಲಿ ನಿಂತಾಗಲೆಲ್ಲ ಸಾದಿಕ ಮೊದಲು ಬುಧವಾರದ್ದನ್ನೇ ಕೇಳುತ್ತಾನೆ. ಸುರೈಯಾ ಇನ್ನೂ ಹೇಳಿಲ್ಲ.