ಶ್ರೀಪಾಲನ ಶಿಫ್ಟ್ ಡಿಲೀಟ್

ಅಂಕಲಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ಶ್ರೀಪಾಲನಿಗೆ ಫೋನ್ ಹೋಗುತ್ತದೆ. ಹೋಗದಿದ್ದರೆ ಅವನೇ ಬರುತ್ತಾನೆ. ಚಿಕ್ಕೋಡಿಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವನು. ಆ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿ ಪಡಸಾಲೆಯಲ್ಲಿ ತೀರ್ಥಂಕರರ ಫೋಟೊದ ಪಕ್ಕಕ್ಕೇ ತೂಗುಹಾಕಿದ್ದಾನೆ. ಅಲ್ಪವಿದ್ಯಾ ಮಹಾಗರ್ವಿ ಎಂಬ ಮಾತು ಇವನನ್ನು ನೋಡಿದ ಮೇಲೆಯೇ ಹುಟ್ಟಿರಬೇಕು. ನನ್ನ ಗಂಡನ ದೊಡ್ಡಪ್ಪನ ಮಗ ಅವನು, ಹಾಗಾಗಿ ಬೈಯುವ ಹಕ್ಕು ನನಗಿದೆ.

ಅವನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧ, ಅಳಿಸುವುದು. ಅದಕ್ಕೆ ಅವನು ಇಟ್ಟ ಹೆಸರು ‘ಹಗುರ ಮಾಡೂದು’. ಅಣ್ಣಾಸಾಬರ ಮಗಳ ಮದುವೆ ಫೋಟೊಗಳು ಹೀಗೇ ಹಗುರಾದವು. ಹುಡುಗಿ ಹೇಗೂ ಗಂಡನ ಮನೆಯಲ್ಲಿ ಆರಾಮಾಗಿದ್ದಾಳಲ್ಲ, ಫೋಟೊ ಯಾಕೆ ಎಂದು ಅವರಿಗೇ ಬುದ್ಧಿ ಹೇಳಿ, ಚಹಾ ಕುಡಿದು ಬಂದನಂತೆ. ಇಷ್ಟಾದರೂ ಜನ ಅವನನ್ನೇ ಕರೆಯುತ್ತಾರೆ. ಪುಕ್ಕಟೆ ಬರುವವನ ಕೈಗೆ ನಮ್ಮವರು ಕತ್ತು ಕೊಡಲೂ ಸಿದ್ಧ.

ನಮ್ಮ ಮನೆಯದು ಹದಿನಾಲ್ಕು ವರ್ಷದ ಕಂಪ್ಯೂಟರ್. ಸ್ವಿಚ್ ಹಾಕಿ ಎಮ್ಮೆ ಹಿಂಡಿ ಬಂದರೂ ಇನ್ನೂ ತಯಾರಾಗಿರುವುದಿಲ್ಲ. ಅದರ ಮೇಲೆ ಶ್ರೀಪಾಲ ಒಂದು ಆಂಟಿವೈರಸ್ ಬೇರೆ ಹಾಕಿಟ್ಟಿದ್ದ. ಮೂಗಿಗಿಂತ ಮೂಗುತಿ ಭಾರ. ಇಷ್ಟನ್ನೂ ಸಹಿಸಿಕೊಂಡು ಅದರ ಮುಂದೆ ಕೂಡುತ್ತಿದ್ದವರು ನನ್ನ ಅತ್ತೆ ಲಕ್ಷ್ಮಿಬಾಯಿ ಒಬ್ಬರೇ. ವ್ರತದ ದಿನ ಬಸ್ತಿಯಲ್ಲಿ, ಎಂದರೆ ನಮ್ಮ ಜೈನ ಗುಡಿಯಲ್ಲಿ, ಹೆಂಗಸರಿಗೆ ಹೇಳುವ ನೋಂಪಿ ಕಥೆಗಳನ್ನು, ತಮ್ಮ ಅತ್ತೆ ಹೇಳಿದ ಮಾತಿನಲ್ಲೇ, ಒಂದೇ ಬೆರಳಿನಿಂದ ಎರಡು ವರ್ಷ ಟೈಪ್ ಮಾಡಿದ್ದರು. ಇಪ್ಪತ್ತೇಳು ಕಥೆ, ಒಂದೇ ಫೈಲು. ಆ ಅತ್ತೆ ತೀರಿಹೋದ ಮೇಲೆ ಅವನ್ನು ಹಾಗೆ ಹೇಳುವ ಇನ್ನೊಂದು ಬಾಯಿ ಊರಲ್ಲಿ ಉಳಿದಿರಲಿಲ್ಲ.

ಆ ಫೈಲನ್ನು ಅವರು ಇಟ್ಟಿದ್ದು ಟೆಂಪ್ ಎಂಬ ಫೋಲ್ಡರಿನಲ್ಲಿ. ಬಸ್ತಿಯ ಬೋರ್ಡಿನ ಮೇಲೆ ಇಂಗ್ಲಿಷಿನ ‘ಜೈನ್ ಟೆಂಪಲ್’ ಓದಿ ಬಲ್ಲವರು, ಇದು ಗುಡಿಯೇ, ಜಾಗ ಸಾಲದೆ ಅರ್ಧಕ್ಕೆ ನಿಲ್ಲಿಸಿದ್ದಾರೆ ಎಂದುಕೊಂಡರು. ಕಂಪ್ಯೂಟರ್ ಮಾಡಿದ ಪುಣ್ಯಾತ್ಮ ದೇವರಿಗೂ ಒಂದು ಕೋಣೆ ಬಿಟ್ಟಿದ್ದಾನೆ ಎಂದು ಸಂತೋಷವೂ ಆಯಿತಂತೆ. ನಿಜಕ್ಕೂ ಅದು ಯಂತ್ರ ತನ್ನ ಕೆಲಸಕ್ಕೆ ತೆಗೆದುಕೊಂಡು ಬಿಸಾಕಿದ ಕಸ ಬೀಳುವ ಜಾಗ. ಪಂಚಾಯಿತಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆಯೇ ದಿನ ಕಳೆಯುವ ನನಗೆ ಅದು ಗೊತ್ತಿತ್ತು. ಕಥೆ ಅಲ್ಲಿದೆ ಎಂಬುದು ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಟೈಪ್ ಮಾಡುವುದನ್ನು ಅರ್ಧಕ್ಕೆ ಬಿಟ್ಟು ಚಹಾ ಇಡಲು ಎದ್ದರು. ಅದೇ ಹೊತ್ತಿಗೆ ಶ್ರೀಪಾಲ ಬಂದ. ಕರೆದವರಿಲ್ಲ. ಕುರ್ಚಿ ಎಳೆದುಕೊಂಡು, ಪರದೆಯ ಮೇಲಿದ್ದುದನ್ನು ಕೆಳಗೆ ಸರಿಸಿ, ಸೀದಾ ಟೆಂಪ್ ತೆರೆದ. ತೆರೆದಿರುವುದನ್ನೆಲ್ಲ ಮೊದಲು ಮುಚ್ಚು, ಒಳಗೆ ಏನೇನಿದೆ ನೋಡು, ಶಿಫ್ಟ್ ಒತ್ತದೆ ಅಳಿಸಿದರೆ ಕಸದ ಬುಟ್ಟಿಯಿಂದಾದರೂ ವಾಪಸ್ ತೆಗೆಯಬಹುದು ಎಂದು ನಾನು ಹೇಳಿದೆ.

‘ಅದು ಅಂಜೂ ಮಂದಿ ಪದ್ಧತಿ, ವೈನಿ’ ಎಂದು ನಕ್ಕು, ಎಲ್ಲವನ್ನೂ ಒಟ್ಟಿಗೆ ಆರಿಸಿ ಶಿಫ್ಟ್ ಡಿಲೀಟ್ ಹೊಡೆದ.

ಹಸಿರು ಪಟ್ಟಿ ಓಡಿತು, ಕೊನೆಗೆ ಬಂದು ನಿಂತಿತು. ಒಂದು ಫೈಲು ಹೋಗಲೊಲ್ಲದು. ಅದರ ಹೆಸರು ‘ಬಸ್ತಿ ಕಥಿ’. ಅತ್ತೆಯ ಕಥೆಗಳು ಇಲ್ಲಿವೆ ಎಂದು ನನಗೆ ಗೊತ್ತಾದದ್ದು ಆಗ. ಶ್ರೀಪಾಲ ಹೆಸರು ಓದಲಿಲ್ಲ, ಯಂತ್ರ ಕೊಟ್ಟ ಕಾರಣವನ್ನಷ್ಟೇ ಓದಿ ಸಿಟ್ಟಿಗೆದ್ದ.

‘ಬಳಕ್ಯಾಗ ಐತಂತ ಇದು. ಯಾರು ಬಳಸಾಕತ್ತಾರ ಇದನ್ನ?’

‘ನಾನು’ ಅಂದರು ಅತ್ತೆ. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವನು ಆಗಲೇ, ಅತ್ತೆ ತೆರೆದಿಟ್ಟಿದ್ದ ಆ ಫೈಲನ್ನು ಮುಚ್ಚಿ ಮತ್ತೊಮ್ಮೆ ಹೊಡೆಯಲು ಹೊರಟಿದ್ದ. ನಾನು ಮೌಸ್ ಕಿತ್ತುಕೊಂಡು, ಆ ಒಂದನ್ನು ಬಿಟ್ಟುಬಿಡು ಎಂಬ ಗುಂಡಿ ಒತ್ತಿದೆ. ಇವನೋ, ತಪ್ಪು ಒಪ್ಪಿಕೊಳ್ಳುವ ಬದಲು ಪಾಠ ಶುರುಮಾಡಿದ.

‘ಟೆಂಪ್ ಅಂದ್ರ ತಾತ್ಪುರತಾ, ಕಾಕು. ನಾಕ ದಿನದ್ದು. ಅಳಸಾಕಂತನ ಇರ್ತೈತಿ.’

‘ನಾಕ ದಿನದ್ದಂದ್ರ ಅದರಾಗ ನಾನೂ ಬಂದ್ನೋ ತಮ್ಮಾ’ ಅಂದರು ಅತ್ತೆ. ‘ಅಳಸೂಕಿಂತ ಮೊದಲ ಒಮ್ಮಿ ತಗದ ನೋಡಬಾರದೇನು?’

ನಾನು ಫೈಲು ತೆರೆದು ಅವನ ಮುಖಕ್ಕೆ ತಿರುಗಿಸಿದೆ. ಮೊದಲ ಸಾಲಿನಲ್ಲೇ ಇತ್ತು: ಇವು ನಮ್ಮ ಅತ್ತಿ ಪದ್ಮಾವತಿಬಾಯಿ ಹೇಳಿದ ಕಥಿ. ಪದ್ಮಾವತಿಬಾಯಿ ಎಂದರೆ ಇದೇ ಶ್ರೀಪಾಲನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ ಅಜ್ಜಿ, ಅವನ ಬಾಯಲ್ಲಿ ಆಯಿ. ಅವನು ಜೇಬಿನಿಂದ ಪೆನ್ ಡ್ರೈವ್ ತೆಗೆದು, ಇದಕ್ಕೆ ಒಂದು ಪ್ರತಿ ಕೊಡ್ತೀರೇನು ಎಂದು ಕೇಳಿದ. ಕೊಡುತ್ತೇನೆ, ಮೊದಲು ಇಪ್ಪತ್ತೇಳನ್ನೂ ಇಲ್ಲೇ ಕೂತು ಓದಿ ಮುಗಿಸು ಎಂದರು ಅತ್ತೆ.

ಗುಂಡಿ ಒತ್ತಲು ಎರಡು ಸೆಕೆಂಡು ತೆಗೆದುಕೊಂಡ ಮನುಷ್ಯ ಸಂಜೆಯವರೆಗೆ ಓದುತ್ತ ಕೂತ. ಮೂರನೆಯ ಕಥೆಗೆ ಬಂದಾಗ, ಆಯಿ ಇದನ್ನು ಹಿಂಗೇ ಹೇಳುತ್ತಿದ್ದಳು ಎಂದು ಕಣ್ಣೊರೆಸಿಕೊಂಡ. ಅತ್ತೆ ಇನ್ನೊಂದು ಕಪ್ಪು ಚಹಾ ಕೊಟ್ಟರು. ನಾನಾಗಿದ್ದರೆ ನೀರೂ ಕೊಡುತ್ತಿರಲಿಲ್ಲ.