ಅಣ್ಣನಿಗೆ ಬಂದದ್ದು

ಅಣ್ಣ ಎಸ್ಟೇಟೊಂದರಲ್ಲಿ ಮೇಸ್ತ್ರಿ, ನಾನು ಬಾಳೂರಿನಲ್ಲಿ ಬಾಡಿಗೆ ಜೀಪು ಓಡಿಸುವವನು. ಅವನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದಾಗ ಇನ್ನೂ ಅರವತ್ತು ದಾಟಿರಲಿಲ್ಲ. ಮಂಗಳೂರಿನ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತಿದ್ದೆ. ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಮೂರು ಸಲ ಜೀಪು ನಿಲ್ಲಿಸಬೇಕಾಗುತ್ತಿತ್ತು. ಮೂತ್ರಕ್ಕೆಂದು ರಸ್ತೆಯಂಚಿಗೆ ಹೋಗಿ ನಿಂತವನು ಬೇಗ ವಾಪಸು ಬರುತ್ತಿರಲಿಲ್ಲ. ನಾನು ಬೇರೆ ಕಡೆ ನೋಡುತ್ತ ಕೂರುತ್ತಿದ್ದೆ.

ಕಾಯಿಲೆ ಮೂಳೆಗೂ ಹರಡಿತ್ತು. ಗಂಡಸಿನ ಹಾರ್ಮೋನು ಸಿಕ್ಕಷ್ಟೂ ಅದು ಬೆಳೆಯುತ್ತದಂತೆ. ಹಾಗಾಗಿ ಆ ಹಾರ್ಮೋನನ್ನೇ ತಗ್ಗಿಸುವ ಇಂಜೆಕ್ಷನ್ ಶುರುಮಾಡಿದರು. ಕೆಲವೇ ತಿಂಗಳಲ್ಲಿ ಅಣ್ಣನ ತೋಳು ಸೊರಗಿತು, ಹೊಟ್ಟೆ ಮುಂದೆ ಬಂತು, ಶುಗರೂ ಏರಿತು. ಮಂಜು ಕವಿದ ಬೆಳಿಗ್ಗೆಯೂ ಒಮ್ಮೆಲೇ ಮೈ ಕಾದು ಬೆವರುತ್ತಿದ್ದ.

“ಮುಟ್ಟು ನಿಲ್ಲೋ ಹೊತ್ತಲ್ಲಿ ನಿನ್ನ ಅತ್ತಿಗೆಗೆ ಹೀಗೇ ಆಗ್ತಿತ್ತು ಮಾರಾಯ. ನಾನು ನಗಾಡ್ತಿದ್ದೆ,” ಎಂದ ಒಂದು ದಿನ, ಅಂಗಿ ಬಿಚ್ಚುತ್ತ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಅವನ ಚೀಟಿ ಬರೆದು ಮುಗಿಸಿ ನನ್ನ ಕಡೆ ತಿರುಗಿದರು.

“ನೀವು ಸ್ವಂತ ತಮ್ಮನಾ?”

“ಹೌದು ಸರ್. ಐವತ್ತೆರಡು ನಂಗೆ.”

“ಶುಗರ್ ಇದೆಯಾ?”

“ನೋಡ್ಸಿಲ್ಲ ಸರ್.”

ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು. “ಅಣ್ಣನಿಗೆ ಬಂದಿದೆ ಅಂದ್ರೆ ನಿಮಗೂ ಅಪಾಯ ಜಾಸ್ತಿ. ಅದರ ಮೇಲೆ ಈ ಹೊಟ್ಟೆ. ಕೊಬ್ಬು ಸುಮ್ನೆ ಕೂತಿರಲ್ಲ. ಮೈಯೊಳಗೆ ಸಣ್ಣಗೆ ಉರಿಯೂತ ಎಬ್ಬಿಸುತ್ತೆ, ಇನ್ಸುಲಿನ್ ಏರಿಸುತ್ತೆ, ಹಾರ್ಮೋನು ಏರುಪೇರು ಮಾಡುತ್ತೆ. ಅದರಿಂದಲೇ ಕ್ಯಾನ್ಸರ್ ಬರುತ್ತೆ ಅಂತಲ್ಲ. ಆದ್ರೆ ಬಂದ್ರೆ ಜೋರಾಗಿ ಬೆಳೆಯೋ ಥರದ್ದು ಆಗೋ ಸಾಧ್ಯತೆ ಹೆಚ್ಚು. ಟೆಸ್ಟಿಗೆ ರಕ್ತ ಕೊಟ್ಟು ಹೋಗಿ.”

ಇನ್ನೊಂದು ಸಲ ಕೊಡುತ್ತೇನೆಂದು ಹೇಳಿ ತಪ್ಪಿಸಿಕೊಂಡು ಬಂದೆ.

ಆಮೇಲೆ ನನಗೆ ನೆಮ್ಮದಿಯೇ ಇಲ್ಲ. ಮೂತ್ರಕ್ಕೆ ಹೋದಾಗಲೆಲ್ಲ ಧಾರೆ ಸಣ್ಣಗಾಗಿದೆಯೇನೋ ಎಂಬ ಅನುಮಾನ. ಗೋಣಿಬೀಡಿನಲ್ಲಿ ಜನ ಹತ್ತಿಸಿಕೊಂಡು ಅರ್ಧ ದಾರಿಗೆ ಬರುವಷ್ಟರಲ್ಲಿ ಮತ್ತೆ ಇಳಿಯಬೇಕೆನಿಸುತ್ತಿತ್ತು. ಸೊಂಟ ನೋವಾದರೆ ಸೀಟಿನಿಂದಲೋ ಮೂಳೆಯಿಂದಲೋ ಎಂದು ಯೋಚಿಸುತ್ತಲೇ ಜೀಪು ಓಡಿಸುತ್ತಿದ್ದೆ. ಊಟ ಸೇರದಾದಾಗ ಹೆಂಡತಿ ಬಾಯಿ ಬಿಡಿಸಿದಳು.

“ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ? ಒಳಗೊಳಗೇ ಸಾಯ್ತಿದ್ದೀರಲ್ಲ, ಅದು ಸಾಕಾ? ನಾಳೆ ಹೊರಡಿ, ನಾನೂ ಬರ್ತೀನಿ,” ಎಂದಳು.

ಮೂಡಿಗೆರೆಯ ಲ್ಯಾಬಿನಲ್ಲಿ ಶುಗರಿಗೂ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಪರೀಕ್ಷೆಗೂ ರಕ್ತ ಕೊಟ್ಟೆ. ಮರುದಿನ ಮಧ್ಯಾಹ್ನ ರಿಪೋರ್ಟು ಫೋನಿಗೆ ಬಂತು. ತೆರೆಯಲು ಧೈರ್ಯವಾಗಲಿಲ್ಲ. ಜನರನ್ನು ಇಳಿಸಿ ಸೀದಾ ಅಣ್ಣನ ಮನೆಗೆ ಹೋಗಿ ಫೋನನ್ನು ಅವನ ಕೈಗೆ ಕೊಟ್ಟೆ. ಅಂಥ ಕಾಗದ ಓದಿ ಓದಿ ಅವನಿಗೆ ರೂಢಿಯಾಗಿತ್ತು. ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದ.

“ಪಿಎಸ್‌ಎ ಸರಿ ಉಂಟು,” ಎಂದವನು ಕಣ್ಣೊರೆಸಿಕೊಂಡ. ನಂತರ ಗದರಿದ: “ಶುಗರ್ ನಂದಕ್ಕಿಂತ ಜಾಸ್ತಿ ಆಗಿದ್ಯಲ್ಲೋ!”

ಈಗ ಮಾತ್ರೆ ನುಂಗುತ್ತೇನೆ. ಸಂಜೆಯ ಬೋಂಡ, ಸೋಡ ಬಿಟ್ಟಿದ್ದೇನೆ. ಹೊಟ್ಟೆ ಇಳಿದು ಬೆಲ್ಟು ಎರಡು ತೂತು ಒಳಗೆ ಸರಿದಿದೆ. ಅಣ್ಣನ ಕಾಯಿಲೆ ಇಂಜೆಕ್ಷನ್ನಿಗೆ ಸದ್ಯ ತಗ್ಗಿ ನಿಂತಿದೆ. ಎಷ್ಟು ದಿನ ಎಂದು ಡಾಕ್ಟರೂ ಹೇಳುವುದಿಲ್ಲ. ನಾನು ವರ್ಷಕ್ಕೊಮ್ಮೆ ರಕ್ತ ಕೊಡಬೇಕು. ಆ ವಾರ ಹತ್ತಿರವಾದಂತೆ ಯಾರೊಂದಿಗೂ ಮಾತು ಬೇಡವೆನಿಸುತ್ತದೆ. ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ.